ನೀಲಿ ಕಿಟಕಿಯ ಏಳನೇ ರೂಮು

ರಾಜಣ್ಣನವರ ಹತ್ತಿರ ಕಂದು ರೆಕ್ಸಿನ್ ಹೊದಿಕೆಯ ಒಂದು ವಿಳಾಸದ ಪುಸ್ತಕವಿತ್ತು. ಅದರೊಳಗೆ ಲಂಡನ್ನಿನಲ್ಲಿ ಮೂರು ಮನೆ, ಟೊರಾಂಟೊದಲ್ಲಿ ಐದು, ಪ್ಯಾರಿಸ್ಸಿನಂಥ ಪ್ಯಾರಿಸ್ಸಿನಲ್ಲೂ ಹಾಸನದ ಕಡೆಯವರೊಬ್ಬರು. ಸಿಡ್ನಿಗೆ ಬಂದು ಇಪ್ಪತ್ತೆಂಟು ವರ್ಷವಾಗಿತ್ತು, ಅಷ್ಟರಲ್ಲಿ ಏಳು ದೇಶ ಸುತ್ತಿದ್ದೂ ಆಗಿತ್ತು. ಆದರೆ ಈ ಮಹಾನುಭಾವರು ಒಂದು ಸಲವಾದರೂ ಹೋಟೆಲಿನ ಮೆಟ್ಟಿಲು ಹತ್ತಿದ್ದರೆ ಕೇಳಿ! "ನಮ್ಮೋರ ಮನೆ ಇರೋವಾಗ ಹೋಟೆಲ್ ಯಾಕೆ? ದಿಕ್ಕಿಲ್ದೋರ ಥರ" ಅನ್ನುವರು. ಆ ನಮ್ಮೋರ ಮುಖವನ್ನು ಅದಕ್ಕೆ ಮುಂಚೆ ನೋಡಿರುತ್ತಿರಲಿಲ್ಲ, ಅದು ಬೇರೆ ಮಾತು.

ಅವರ ಹೆಂಡತಿ ಜಲಜಾ ಪ್ರಪಂಚ ನೋಡಿದ್ದೆಲ್ಲ ಅಡುಗೆಮನೆಯ ಕಿಟಕಿಯಿಂದ. ಹೋದ ಮನೆಯಲ್ಲಿ ಸುಮ್ಮನೆ ಕೂರುವುದಕ್ಕಾಗುತ್ತದೆಯೇ? "ನೀವು ಕೂತ್ಕೊಳ್ಳಿ" ಅಂತ ಮನೆಯಾಕೆ, "ಅಯ್ಯೋ ಪರವಾಗಿಲ್ಲ ಬಿಡಿ" ಅಂತ ಇವರು, ಸಿಂಕಿನ ಮುಂದೆ ಒಂದು ಜಗ್ಗಾಟ ನಡೆದು ಕೊನೆಗೆ ಪಾತ್ರೆ ಇವರ ಕೈಗೇ ಬರುವುದು. ಬೆಳಿಗ್ಗೆ ಐದಕ್ಕೆ ಎಚ್ಚರವಾದರೂ ಫ್ಲಶ್ ಎಳೆದರೆ ಯಾರಿಗೆ ನಿದ್ದೆ ಕೆಡುವುದೋ ಅಂತ ಹಾಸಿಗೆಯಲ್ಲೇ ಮುದುಡಿಕೊಂಡಿರಬೇಕು. ನಯಾಗರಾ ನೋಡಿದ್ದು ಇಪ್ಪತ್ತೇ ನಿಮಿಷ, ಯಾಕೆಂದರೆ ಆ ಮನೆಯ ಮಗುವಿಗೆ ನಾಲ್ಕಕ್ಕೆ ಭರತನಾಟ್ಯದ ಕ್ಲಾಸು. ಐಫೆಲ್ ಗೋಪುರ ಹತ್ತಲೇ ಇಲ್ಲ. ಮನೆಯಲ್ಲಿ ಬಿಸಿಬೇಳೆಬಾತ್ ಆರಿಹೋಗುತ್ತಿತ್ತು.

ಜಲಜಾಗೆ ಇದ್ದದ್ದು ಒಂದೇ ಆಸೆ. ಒಂದು ಸಲ, ಒಂದೇ ಒಂದು ಸಲ, ಯಾರ ನೆಂಟರೂ ಅಲ್ಲದೆ ಒಂದು ರೂಮಿನಲ್ಲಿ ಇರಬೇಕು. ಮನಸ್ಸು ಬಂದಾಗ ಏಳಬೇಕು. ಹಾಸಿಗೆ ಮಡಿಸದೆ ಹೊರಗೆ ಹೋಗಬೇಕು. ಬಾಯಿಬಿಟ್ಟು ಹೇಳಿರಲಿಲ್ಲ, ಅದಕ್ಕೊಂದು ಕಾರಣವಿತ್ತು. ಎಪ್ಪತ್ತೈದರಲ್ಲಿ ರಾಜಣ್ಣ ಒಬ್ಬರೇ ಸಿಡ್ನಿಗೆ ಬಂದಿಳಿದಾಗ ಆ್ಯಶ್‌ಫೀಲ್ಡ್‌ನ ಬಾಡಿಗೆ ಕೋಣೆಯೊಂದರಲ್ಲಿ ನಾಲ್ಕು ದಿನ ಯಾರೊಡನೆಯೂ ಮಾತಿಲ್ಲದೆ ಬ್ರೆಡ್ ತಿಂದುಕೊಂಡಿದ್ದರು. ಐದನೇ ದಿನ ರೈಲಿನಲ್ಲಿ ಸಿಕ್ಕ ಹಿರಿಯಣ್ಣ ಎಂಬವರು ಮನೆಗೆ ಕರೆದುಕೊಂಡು ಹೋಗಿ ಅನ್ನ ಸಾರು ಬಡಿಸಿದ್ದರು. ಆ ಕಥೆಯನ್ನು ರಾಜಣ್ಣ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಆ ರೆಕ್ಸಿನ್ ಪುಸ್ತಕದ ಮೊದಲನೇ ಹೆಸರು ಹಿರಿಯಣ್ಣನವರದೇ. ಅಂಥ ಗಂಡನ ಮುಂದೆ ಹೋಟೆಲ್ ಬೇಕು ಅನ್ನಲು ಜಲಜಾಗೆ ಮನಸ್ಸು ಬರುತ್ತಿರಲಿಲ್ಲ.

ಹೀಗಿರುವಾಗ ಎರಡು ಸಾವಿರದ ಮೂರರಲ್ಲಿ ಅವರ ಮದುವೆಗೆ ಮೂವತ್ತು ತುಂಬಿತು. ಮಗಳು ಅಪರ್ಣ ಮೆಲ್ಬರ್ನಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಳು. ಫೋನ್ ಮಾಡಿ, "ಅಮ್ಮಾ, ಟಿಕೆಟ್ಸ್ ಮತ್ತೆ ಎಂಟು ದಿನದ ಸ್ಟೇ ನನ್ನ ಗಿಫ್ಟು. ಎಲ್ಲಿಗೆ ಅಂತ ನೀನೇ ಚೂಸ್ ಮಾಡ್ಬೇಕು, ಅಪ್ಪ ಅಲ್ಲ" ಅಂದಳು.

"ಗ್ರೆನಡಾ" ಅಂದರು ಜಲಜಾ, ತಟ್ಟನೆ.

"ಅದೆಲ್ಲಿದೆ?"

"ಕೆರಿಬಿಯನ್‌ನಲ್ಲಿ ಕಣೇ. ನಮ್ಮನೆ ಜಾಯಿಕಾಯಿ ಡಬ್ಬಿ ಮೇಲೆ ಬರೆದಿದೆ, ಗ್ರೆನಡಾದ್ದು ಅಂತ. ಆ ದೇಶದ ಬಾವುಟದಲ್ಲೂ ಜಾಯಿಕಾಯಿ ಇದೆಯಂತೆ. ಒಂದು ದೇಶ ಬಾವುಟದಲ್ಲಿ ಜಾಯಿಕಾಯಿ ಇಟ್ಕೊಂಡಿದೆ ಅಂದ್ರೆ ಅಲ್ಲಿನ ಜನ ಹೆಂಗಿರ್ಬಹುದು, ಹೇಳು!"

ಜಲಜಾ ಪ್ಯಾರಾಮಟ್ಟಾದ ಲೈಬ್ರರಿಯಲ್ಲಿ ವಾರಕ್ಕೆ ಮೂರು ದಿನ ಕೆಲಸ ಮಾಡುತ್ತಿದ್ದರು. ಊಟದ ಬಿಡುವಿನಲ್ಲಿ ಅಲ್ಲಿನ ಕಂಪ್ಯೂಟರಿನ ಮುಂದೆ ಕೂತು ಗ್ರೆನಡಾದ ಹೋಟೆಲುಗಳನ್ನು ಒಂದೊಂದಾಗಿ ನೋಡತೊಡಗಿದರು. ದೊಡ್ಡ ರೆಸಾರ್ಟುಗಳು ಹಿಡಿಸಲಿಲ್ಲ. ಎಲ್ಲದರಲ್ಲೂ ಅದೇ ಈಜುಕೊಳ, ಅದೇ ಬಿಳಿ ಕುರ್ಚಿ. ಮೂರನೇ ದಿನ ಒಂದು ಸಿಕ್ಕಿತು. ಸಮುದ್ರದ ದಂಡೆಯ ಮೇಲೆ ಮಹಡಿಯ ಹಳೇ ಕಟ್ಟಡ, ಹನ್ನೆರಡೇ ರೂಮು, ಎಲ್ಲ ಕಿಟಕಿಗೂ ನೀಲಿ ಬಣ್ಣದ ಮರದ ಬಾಗಿಲು. ಒಂದೊಂದು ರೂಮಿನ ಫೋಟೊವೂ ಬೇರೆ ಬೇರೆ. ಏಳನೆಯದಕ್ಕೆ ಉದ್ದನೆಯ ಜಗಲಿ, ಜಗಲಿಯಲ್ಲಿ ತೂಗುಮಂಚದ ಹಾಗೆ ಒಂದು ಬಲೆ, ಕೈಚಾಚಿದರೆ ಸಿಗುವಷ್ಟು ಹತ್ತಿರ ಬಾದಾಮಿ ಮರದ ಕೊಂಬೆ. ಹಾಸಿಗೆಯ ಮೇಲೆ ಟವೆಲನ್ನು ಹಂಸದ ಆಕಾರಕ್ಕೆ ಮಡಿಸಿಟ್ಟಿದ್ದರು. ಯಾರು ಮಡಿಸುತ್ತಾರೆ ಅದನ್ನು? ದಿನಾ ಹೊಸ ಹಂಸವೇ? ಒರೆಸಿಕೊಳ್ಳಬೇಕೆಂದರೆ ಅದನ್ನು ಬಿಚ್ಚುವುದಕ್ಕೆ ಮನಸ್ಸಾದರೂ ಹೇಗೆ ಬರುತ್ತದೆ?

ಇದ್ದುಬಂದವರು ಬರೆದ ಅಭಿಪ್ರಾಯಗಳನ್ನು ಜಲಜಾ ಒಂದೂ ಬಿಡದೆ ಓದಿದರು. ಸಂಜೆಯಾದರೆ ಕಪ್ಪೆಗಳು ಶಿಳ್ಳೆ ಹೊಡೆದು ಕಿವಿ ತಿನ್ನುತ್ತವೆ ಅಂತ ಒಬ್ಬ ಇಂಗ್ಲಿಷಿನವನು ದೂರಿದ್ದ. ಶಿಳ್ಳೆ ಹೊಡೆಯುವ ಕಪ್ಪೆ! ಅವನಿಗೇನಾಗಿದೆ ಧಾಡಿ, ಜಲಜಾ ಅದನ್ನು ಕೇಳುವುದಕ್ಕೇ ಹೋಗುವವರಿದ್ದರು. ತಿಂಡಿಗೆ ಜಾಯಿಕಾಯಿ ಹಣ್ಣಿನ ಜಾಮ್ ಕೊಡುತ್ತಾರಂತೆ. ಹಣ್ಣೂ ಇದೆಯೇ ಜಾಯಿಕಾಯಿಗೆ? ಮೂವತ್ತು ವರ್ಷ ಪಾಯಸಕ್ಕೆ ತೇದುಕೊಂಡು ಬಂದಿದ್ದರೂ ಅದರ ಹಣ್ಣಿನ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲವಲ್ಲ!

ಇತ್ತ ರಾಜಣ್ಣ ಗ್ರೆನಡಾದಲ್ಲಿ ಕನ್ನಡಿಗರನ್ನು ಹುಡುಕುತ್ತಿದ್ದರು. ನ್ಯೂಜೆರ್ಸಿಗೆ ಫೋನ್ ಆಯಿತು, ಮಯಾಮಿಗೆ ಆಯಿತು. ಯಾರಿಗೂ ಯಾರೂ ಗೊತ್ತಿಲ್ಲ. ಪುಸ್ತಕದಲ್ಲಿ 'ಗ್ರೆನಡಾ' ಅಂತ ದುಂಡಗೆ ಬರೆದ ಪುಟ ಖಾಲಿಯಾಗಿಯೇ ಉಳಿಯಿತು. "ಇಂಥ ಊರೂ ಇರತ್ತಾ ಜಲಜಾ?" ಅಂತ ಅವರು ಸಪ್ಪೆ ಮುಖ ಹಾಕಿದರೆ, ಜಲಜಾ "ಪಾಪ" ಅಂದು ಆ ಕಡೆ ತಿರುಗಿ ನಗು ನುಂಗುತ್ತಿದ್ದರು.

ಜೂನ್ ಕೊನೆಗೆ ಇಬ್ಬರೂ ಮಗಳ ಮನೆಗೆ ಮೆಲ್ಬರ್ನಿಗೆ ಬಂದರು. ಡಾಕ್‌ಲ್ಯಾಂಡ್ಸ್‌ನ ಹದಿನಾಲ್ಕನೇ ಮಹಡಿ. ಕಿಟಕಿ ತೆಗೆದರೆ ಮುಖಕ್ಕೆ ಹೊಡೆಯುವ ಚಳಿಗಾಳಿ. ಶನಿವಾರ ಬೆಳಿಗ್ಗೆ ಹೋಟೆಲ್ ಬುಕ್ ಮಾಡುವುದೆಂದು ತಾಯಿ ಮಗಳು ಮಾತಾಡಿಕೊಂಡಿದ್ದರು. ಶುಕ್ರವಾರ ರಾಜಣ್ಣ ಕ್ರೇಗಿಬರ್ನ್‌ನಲ್ಲಿರುವ ಹಳೆಯ ಸಹೋದ್ಯೋಗಿ ತಿರುಮಲೇಶರ ಮನೆಗೆ ಊಟಕ್ಕೆ ಹೋಗಿ, ಸಂಜೆ ಬಂದವರು ಬಾಗಿಲಲ್ಲೇ ಕೂಗಿದರು.

"ಸಿಕ್ಕಿಬಿಟ್ರು! ತಿರುಮಲೇಶನ ಷಡ್ಡಕನ ಕ್ಲಾಸ್‌ಮೇಟು, ಚನ್ನಬಸಯ್ಯ ಅಂತ. ಹುಬ್ಬಳ್ಳಿಯೋರು. ಅಲ್ಲಿನ ಮೆಡಿಕಲ್ ಕಾಲೇಜಲ್ಲಿ ಅನಾಟಮಿ ಪ್ರೊಫೆಸರು. ಹನ್ನೊಂದು ವರ್ಷದಿಂದ ಅಲ್ಲೇ ಇದಾರಂತೆ!"

"ಒಳ್ಳೇದಾಯ್ತು ಬಿಡಿ" ಅಂದರು ಜಲಜಾ. ಹೋಗಿ ಬಚ್ಚಲಲ್ಲಿ ನಲ್ಲಿ ತಿರುಗಿಸಿಕೊಂಡು ಸ್ವಲ್ಪ ಹೊತ್ತು ನಿಂತರು. ಅಳು ಬಂತು, ಅತ್ತರು. ಒಂದು ರೂಮಿಗೆ ಇಷ್ಟೊಂದು ಆಸೆಪಟ್ಟಿದ್ದಕ್ಕೆ ತಮ್ಮ ಮೇಲೆ ತಮಗೇ ಸಿಟ್ಟೂ ಬಂತು. ಮುಖ ತೊಳೆದು ಬಂದ ಅಮ್ಮನನ್ನು ಅಪರ್ಣ ಒಂದು ಗಳಿಗೆ ದಿಟ್ಟಿಸಿದಳು.

"ಅಮ್ಮಾ, ಜಸ್ಟ್ ಟೆಲ್ ಹಿಮ್."

"ನಿನಗೆ ಗೊತ್ತಾಗಲ್ಲ, ಸುಮ್ನಿರು."

ಶನಿವಾರ ಬೆಳಿಗ್ಗೆ ಹತ್ತಕ್ಕೆ ರಾಜಣ್ಣ ಫೋನ್ ಕಾರ್ಡಿನ ಉದ್ದನೆಯ ನಂಬರು ಒತ್ತಿದರು. ಗ್ರೆನಡಾದಲ್ಲಿ ಇನ್ನೂ ನಿನ್ನೆಯ ಸಂಜೆ. ಆ ಕಡೆಯ ದನಿ ಇಡೀ ರೂಮಿಗೆ ಕೇಳುವಷ್ಟು ಗಟ್ಟಿಯಾಗಿತ್ತು.

"ಏನ್ರೀ ಸರ, ಹೋಟೆಲ್ ಗೀಟೆಲ್ ಅಂದ್ರ ನಾ ಸಿಟ್ಟಾಗ್ತೀನ್ರಿ! ಮನಿ ಐತಿ, ಸೀದಾ ಬರ್ರಿ. ತಡೀರಿ, ನಮ್ಮನೀಯಾಕಿ ಮಾತಾಡ್ತಾಳ. ಜಯಾ, ಏ ಜಯಾ!"

ರಾಜಣ್ಣ ಗೆದ್ದ ಮುಖ ಮಾಡಿಕೊಂಡು ಫೋನನ್ನು ಜಲಜಾ ಕೈಗಿತ್ತು, ಪುಸ್ತಕದ ಖಾಲಿ ಪುಟದಲ್ಲಿ ಹೆಸರು ಬರೆದುಕೊಳ್ಳಲು ಕೂತರು. ಜಲಜಾ ಫೋನ್ ಹಿಡಿದುಕೊಂಡು ಅಪರ್ಣಳ ರೂಮಿಗೆ ಹೋದರು.

"ನಮಸ್ಕಾರ್ರೀ ಅಕ್ಕಾರ. ಬರ್ರಿ ಬರ್ರಿ, ಭಾಳ ಸಂತೋಷ" ಅಂತ ಜಯಾ ಜೋರಾಗಿ ಅಂದಳು. ಆಮೇಲೆ ನಡೆದುಹೋಗುವ ಸಪ್ಪಳ, ಒಂದು ಬಾಗಿಲು ಹಾಕಿದ ಸಪ್ಪಳ. ದನಿ ಇಳಿಯಿತು. "ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ. ನಮ್ಮನೀಗೆ ಬರಬ್ಯಾಡ್ರಿ."

ಜಲಜಾ ಮುಖ ಬಿಸಿಯಾಯಿತು. ಜನ್ಮದಲ್ಲಿ ಯಾರೂ ಹಾಗೆ ಅಂದಿರಲಿಲ್ಲ.

"ಈ ದ್ವೀಪದಾಗ ಕನ್ನಡದೋರ ಮನಿ ಅಂದ್ರ ನಮ್ದೊಂದೇ ರೀ. ಅಮೆರಿಕಾದಾಗಿನ ಮಂದಿ ಹಡಗಿನ್ಯಾಗ ಬರ್ತಾರ, ಇಮಾನದಾಗ ಬರ್ತಾರ, ಯಾರ ಗುರ್ತು ಹೇಳ್ಕೊಂಡು ಬರ್ತಾರೋ ಗೊತ್ತಿಲ್ಲ. ಹೋದ ವಾರ ಏಳು ಮಂದಿ ಹೋದ್ರು, ಮುಂದಿನ ವಾರ ನಾಕು ಮಂದಿ. ಹನ್ನೊಂದು ವರ್ಷ ಆತ್ರಿ, ರೊಟ್ಟಿ ಬಡದೂ ಬಡದೂ ಕೈ ಸೋತಾವ. ನಮ್ಮವರಿಗೆ ಹೇಳಂಗಿಲ್ಲ. ಮಂದಿ ಅಂದ್ರ ಅವರಿಗೆ ಜೀವಾ. ನೀವು ಹೆಣ್ಣಮಕ್ಕಳು, ನಿಮಗ ತಿಳೀತದ ಅಂತ ಹೇಳಿದೆ."

ಅಯ್ಯೋ! ತಿಳಿಯದೆ ಏನು? ಜಲಜಾಗೆ ನಗು ಉಕ್ಕಿತು, ಅದರ ಹಿಂದೆಯೇ ಕಣ್ಣಲ್ಲಿ ನೀರು. ಇಷ್ಟು ವರ್ಷ "ಪರವಾಗಿಲ್ಲ ಬಿಡಿ" ಅಂದುಕೊಂಡು ಪಾತ್ರೆ ತೊಳೆದದ್ದು ಸರಿ. ಆ ಮನೆಗಳಲ್ಲಿ ಎಷ್ಟು ಜನ ಬಾಗಿಲು ಹಾಕಿಕೊಂಡು ಹೀಗೆ ನಿಟ್ಟುಸಿರು ಬಿಟ್ಟಿದ್ದರೋ! ಲಂಡನ್ನಿನಾಕೆ? ಬಿಸಿಬೇಳೆಬಾತಿನಾಕೆ?

"ಜಯಾ, ನೀವು ಹೇಳೋದಕ್ಕಿಂತ ಮೊದಲೇ ನಾನು ಹೋಟೆಲ್ ನೋಡಿಟ್ಟಿದೀನಮ್ಮ. ದಂಡೆ ಮೇಲೆ, ನೀಲಿ ಕಿಟಕಿಯಿರೋದು. ಗೊತ್ತಾ ನಿಮಗೆ?"

"ಅಯ್ಯ, ಗೊತ್ತಿಲ್ಲೇನ್ರಿ! ದಿನಾ ಅದರ ಮುಂದೇ ಹಾಯ್ತೀನಿ. ಬಂದವರ್ನ ಇಮಾನ ನಿಲ್ದಾಣದಿಂದ ಕರ್ಕೊಂಡು ಬರೋ ದಾರೀನೇ ಅದು." ಆಮೇಲೆ ಮೆಲ್ಲಗೆ ಕೇಳಿದಳು. "ಅಕ್ಕಾರ, ಅದರ ಒಳಗ ಹೆಂಗೈತ್ರಿ?"

ಜಲಜಾ ಹಾಸಿಗೆಯ ಅಂಚಿನಲ್ಲಿ ಕೂತರು. ಆ ಹೋಟೆಲಿನಿಂದ ಎರಡೇ ಮೈಲಿ ಆಚೆ ಇರುವವಳಿಗೆ, ಪ್ರಪಂಚದ ಇನ್ನೊಂದು ತುದಿಯಿಂದ, ಅದರ ಒಳಗನ್ನೆಲ್ಲ ಹೇಳಿದರು: ಜಗಲಿ, ಬಲೆ, ಬಾದಾಮಿ ಕೊಂಬೆ, ಹಂಸದ ಟವೆಲು. "ದಿನಾ ಹೊಸಾದು ಮಡಚ್ತಾರೇನ್ರಿ?" ಅಂತ ಜಯಾ ಕೇಳಿದಳು. "ಅದೇ ನನಗೂ ಗೊತ್ತಿಲ್ಲ ನೋಡಿ" ಅಂದರು ಜಲಜಾ.

ಅವರು ಹೊರಗೆ ಬಂದಾಗ ರಾಜಣ್ಣ ಪೆನ್ನಿನ ಮುಚ್ಚಳ ಹಾಕುತ್ತಿದ್ದರು. "ಏನಂದ್ರು? ಬರುವಾಗ ಏನೇನು ತರಬೇಕಂತೆ? ಸಾರಿನ ಪುಡಿ?"

ಜಲಜಾ ಮಗಳ ಕಡೆ ತಿರುಗಿದರು. "ಅಪರ್ಣಾ, ಎರಡು ರೂಮ್ ಬುಕ್ ಮಾಡು. ಏಳು, ಎಂಟು. ಏಳನೇದು ಎಂಟೂ ದಿನಕ್ಕೆ. ಎಂಟನೇದು ಮೂರು ದಿನ ಸಾಕು, ಅದರ ದುಡ್ಡು ನನ್ನದು."

"ಏನಿದು ಜಲಜಾ? ಅವರು ಮನೆಗೆ ಕರೀತಿದಾರೆ!"

"ಕರೀತಿದಾರೆ. ಹನ್ನೊಂದು ವರ್ಷದಿಂದ ಎಲ್ಲರನ್ನೂ ಕರೀತಾನೇ ಇದಾರೆ. ಅವರನ್ನ ಯಾರಾದ್ರೂ ಕರೆದಿದಾರೇನ್ರೀ? ಆ ದ್ವೀಪದಲ್ಲಿ ಅವರಿಗೆ ಅಂತ ಒಂದು ನಮ್ಮೋರ ಮನೆ ಇದೆಯಾ?" ಜಲಜಾ ಅಲ್ಲಿಗೇ ನಿಲ್ಲಿಸಲಿಲ್ಲ. "ಮತ್ತೆ ನನಗೂ ಆ ರೂಮು ಬೇಕು. ಮೂವತ್ತು ವರ್ಷ ಕಂಡೋರ ಸಿಂಕಲ್ಲಿ ಕೈ ಹಾಕಿ ಸಾಕಾಗಿದೆ. ಇವತ್ತು ಹೇಳ್ಬಿಟ್ಟೆ."

ರಾಜಣ್ಣ ಪುಸ್ತಕದ ಮೊದಲ ಪುಟ ತೆಗೆದರು, ಹಿರಿಯಣ್ಣನವರ ಹೆಸರು ನೋಡಿದರು. "ಹಿರಿಯಣ್ಣನೋರ ಮನೆಗೆ ನಾನು ಹದಿನಾರು ಸಲ ಊಟಕ್ಕೆ ಹೋಗಿದ್ದೆ. ಅವರನ್ನ ಒಂದು ಸಲ ಕರೆಯೋ ಅಷ್ಟರಲ್ಲಿ ತೀರಿಹೋಗ್ಬಿಟ್ರು" ಅಂದರು. ಆಮೇಲೆ ಹೆಂಡತಿಯ ಕಡೆ ನೋಡಿ, "ನೀನು ಯಾಕೆ ಮೊದಲೇ ಹೇಳ್ಲಿಲ್ಲ?" ಅಂತ ಕೇಳಿದರು. ಸಿಟ್ಟಿರಲಿಲ್ಲ ಅದರಲ್ಲಿ. ಜಲಜಾ ಸೆರಗಿನಿಂದ ಮೂಗು ಒರೆಸಿಕೊಂಡರು.

ರಾಜಣ್ಣ ಗ್ರೆನಡಾದ ಪುಟ ತೆಗೆದು, ಚನ್ನಬಸಯ್ಯನವರ ಹೆಸರಿನ ಕೆಳಗೆ ದುಂಡಗೆ ಬರೆದರು: ರಾಜಣ್ಣ, ಜಲಜಾ, ರೂಮ್ ನಂಬರ್ ಏಳು. ಮತ್ತೆ ಆ ಉದ್ದನೆಯ ನಂಬರು ಒತ್ತಿದರು.

"ಚನ್ನಬಸಯ್ಯನೋರೇ, ನೀವಿಬ್ಬರೂ ನಮ್ಮನೆಗೆ ಬರಬೇಕು. ನಿಮ್ಮೂರಲ್ಲೇ. ನೀಲಿ ಕಿಟಕಿ ಹೋಟೆಲು, ಎಂಟನೇ ರೂಮು. ಮೂರು ದಿನಕ್ಕೆ ಕಡಿಮೆ ಇರಕೂಡದು. ಬೇರೆ ಮಾತಾಡಿದ್ರೆ ನಾನೂ ಸಿಟ್ಟಾಗ್ತೀನಿ!"

ಆ ಕಡೆ ಚನ್ನಬಸಯ್ಯ ಹೆಂಡತಿಯನ್ನು ಕೂಗಿ ಸುದ್ದಿ ಹೇಳಿದರು. ಆಮೇಲೆ ಏನೋ ಗದ್ದಲ, ಫೋನ್ ಕೈ ಬದಲಾಯಿತು. ರಾಜಣ್ಣ ಅದನ್ನು ಹೆಂಡತಿಯ ಕಿವಿಗೆ ಹಿಡಿದರು.

ಜಯಾ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ಅಕ್ಕಾರ" ಅಂದಳು, "ಬರೋವಾಗ ಏನು ತರಲ್ರಿ? ಒಂದಿಷ್ಟು ರೊಟ್ಟಿ ಬಡ್ಕೊಂಡು ಬರಲೇನು?"

"ಏನೂ ಬೇಡ. ಕೈ ಬೀಸಿಕೊಂಡು ಬಾಮ್ಮ" ಅಂದರು ಜಲಜಾ.