ತೊಳೆದ ಹರಳು

ಕರಬಸಪ್ಪ ಸರ್ ಕಂಪ್ಯೂಟರಿನ ಪರದೆಯ ಮೇಲೆ ಪೆನ್ನಿನ ತುದಿ ಇಟ್ಟರು. ಸಪಾಟಾಗಿ ಸಾಗಿದ ಗೆರೆ ಅಲ್ಲೊಂದು ಕಡೆ ಉಬ್ಬಿತ್ತು.

“ಈ ದಿಬ್ಬ ತಗದಬಿಡ್ರಿ ವಿಭಾ. ಸಂಜಿ ಒಳಗ ಲೇಖನ ಕಳಸೂಣು.”

ಆ ದಿಬ್ಬವೇ ನನ್ನ ಸಂಶೋಧನೆ. ಭೂಮಿಯ ಮೇಲ್ಮೈಯಿಂದ ನಾನೂರೈವತ್ತು ಕಿಲೋಮೀಟರ್ ಕೆಳಗೆ ಇರುವಂಥ ಒತ್ತಡವನ್ನು ಯಂತ್ರದಲ್ಲಿ ಹುಟ್ಟಿಸಿ, ವಿದೇಶದ ಒಂದು ಪ್ರಯೋಗಾಲಯ ಮಾಡಿ ಕಳಿಸಿದ ಹರಳಿನ ಗೆರೆ ಅದು; ಹರಳು ಮರಳಿನ ಕಣದಷ್ಟು. ಶಿಗ್ಗಾವಿಯ ನಮ್ಮ ಕಾಲೇಜಿನಲ್ಲಿ ಅದರೊಳಗೆ ಅವಗೆಂಪು ಬೆಳಕು ಹಾಯಿಸುತ್ತೇವೆ. ಹರಳು ಯಾವ ಬೆಳಕನ್ನು ನುಂಗಿತು ಎಂಬುದರಿಂದ ಅದರೊಳಗೆ ಏನಿದೆ ಎಂದು ತಿಳಿಯುತ್ತದೆ. ದಿಬ್ಬ ಎದ್ದದ್ದು ನೀರನ್ನು ತೋರಿಸುವ ಜಾಗದಲ್ಲಿ. ಕಲ್ಲಿನೊಳಗೆ ನೀರಿನಂಶವಿದ್ದರೆ ಕಲ್ಲು ಮೆತ್ತಗಾಗುತ್ತದೆ, ಭೂಕಂಪದ ಅಲೆ ಅದರಲ್ಲಿ ನಿಧಾನವಾಗುತ್ತದೆ. ಆದರೆ ಈ ಖನಿಜ ಪೂರಾ ಒಣ ಎಂದು ಸರ್ ಹಿಂದೊಮ್ಮೆ ಲೇಖನ ಬರೆದಿದ್ದರು.

“ತಗಿಯೂದಿಲ್ಲ ಸರ್,” ಅಂದೆ.

“ಹೊರಗಿನ ಹಸಿ ಅದು. ಮಳಿಗಾಲದಾಗ ಗಾಜಿಗೂ ನೀರ ಹಿಡೀತೈತಿ.”

ಜೊತೆಗೆ ಸಂಶೋಧನೆ ಮಾಡುವ ಮಾಸೂಮಾ ನಮ್ಮ ಸವಣೂರಿನವಳೇ. ಅವರ ಮನೆಯಲ್ಲಿ ಖಾರಾ ತಿಂಡಿ ಮಾಡಿ ಮಾರುತ್ತಾರೆ. ಪೊಟ್ಟಣ ಬಿಚ್ಚಿದರೆ, ಎಣ್ಣೆ ಹರಳಿಗೆ ತಾಗೀತೆಂದು ನಾನು ಅವಳನ್ನು ಪಡಸಾಲೆಗೆ ಅಟ್ಟುತ್ತೇನೆ. “ವಿಭಾ ಅಕ್ಕನ ಹರಳು ಮಡ್ಯಾಗೈತ್ರಿ ಸರ್,” ಅಂದಳು. “ಹಸಿ ಅದರ ಹತ್ರ ಹೋಗಾಕ ಅಂಜತೈತಿ.”

ಮಡಿ ಅಂದದ್ದೇ ನನಗೆ ಮನೆ ನೆನಪಾಯಿತು. ನಮ್ಮ ಮನೆಯಲ್ಲಿ ಹೊರಗಿನಿಂದ ಬಂದ ಎಲ್ಲವೂ ನೀರು ಕಂಡೇ ಒಳಗೆ ಬರಬೇಕು. ಅಜ್ಜಿ ಚಿಲ್ಲರೆ ಕಾಸನ್ನೂ ತೊಳೆಯುತ್ತಿದ್ದಳು. ಪಾರ್ಸಲ್ ಬಂದ ದಿನ ನಾನು ಚಿಮಟಿಗೆಯಲ್ಲಿ ಹರಳನ್ನು ಹಿಡಿದು ಭಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ ತೆಗೆದಿದ್ದೆ. ಯಾರೂ ಹೇಳಿರಲಿಲ್ಲ. ನೀರಿಲ್ಲದೆ ತೊಳೆಯಲು ಬಳಸುವ ಅಸಿಟೋನಿನ ಬಾಟಲಿ ಪಕ್ಕದಲ್ಲೇ ಇತ್ತು, ಕೈ ತಾನಾಗಿ ನೀರಿಗೆ ಹೋಗಿತ್ತು.

ಸುಮ್ಮನಿರಬಹುದಿತ್ತು.

“ನಾ ಅದನ್ನ ನೀರಾಗ ತೊಳದೇನಿ ಸರ್.”

ಸರ್ ನಕ್ಕರು. “ಕಲ್ಲಿಗೂ ಸ್ನಾನ ಮಾಡಿಸಿದ್ರಿ? ಹಂಗಾರ ಮುಗೀತು. ತಗೀರಿ.”

“ಮುಗದಿಲ್ಲ. ಕಾಸಿ ನೋಡೂಣು. ಹೊರಗ ಹತ್ತಿದ ನೀರು ಆರಿ ಹೋಗ್ತದ. ಒಳಗ ಕಟಗೊಂಡದ್ದು ಅಷ್ಟಕ್ಕ ಬಿಡೂದಿಲ್ಲ.”

“ದಿಬ್ಬ ಪೂರಾ ಹೋತಂದ್ರ?”

“ನಾನ ಅಳಸ್ತೇನಿ. ಉಳೀತಂದ್ರ, ನಿಮ್ಮ ಹಳೇ ಲೇಖನದ ಮಾತು ಈ ಹೊಸಾ ಲೇಖನದಾಗ ನೀವ ತಿದ್ದಬೇಕು.”

ಮಾಸೂಮಾ ಕೆಮ್ಮಿದಳು. “ಓವನ್ ಹಚ್ಚಲೇನ್ರಿ ಸರ್? ಇಲ್ಲಿ ಆಗಲೇ ಭಾಳ ಬಿಸಿ ಐತಿ.”

ಸರ್ ನಗಲಿಲ್ಲ. ಕೈ ಬೀಸಿ ಹಚ್ಚು ಎಂದರು.

ಹರಳು ಕಾಯುವವರೆಗೆ ಯಾರೂ ಊಟಕ್ಕೆ ಏಳಲಿಲ್ಲ. ಓವನ್ನಿನ ಬಾಗಿಲು ಸರಿಯಾಗಿ ಕೂತಿದೆಯೋ ಎಂದು ನಾನು ಮತ್ತೆ ಮತ್ತೆ ಎದ್ದು ನೋಡಿದೆ. ಹರಳು ಆರಿದ ಮೇಲೆ ಅದನ್ನು ಒಣ ಗಾಳಿಯಲ್ಲೇ ಯಂತ್ರಕ್ಕೆ ಏರಿಸಿದೆ.

ಗೆರೆ ಮೂಡಿತು. ದಿಬ್ಬ ತಗ್ಗಿತ್ತು.

“ಇಳೀತು ನೋಡ್ರಿ,” ಎಂದು ಸರ್ ಕುರ್ಚಿಗೆ ಒರಗಿದರು.

ಅಗಲವಾದ ಇಳಿಜಾರು ಹೋಗಿತ್ತು. ಆದರೆ ಅದರೊಳಗೆ ಅಡಗಿದ್ದ ಎರಡು ಚೂಪು ತುದಿಗಳು ಈಗ ಬಯಲಾಗಿ ನಿಂತಿದ್ದವು. ಸರ್ ಇನ್ನೊಮ್ಮೆ ಕಾಸಲು ಹೇಳಿದರು. ಕಾಸಿದೆವು. ಅವು ಕದಲಲಿಲ್ಲ. ನಾನು ಬೆಳಕು ಕಂಪಿಸುವ ದಿಕ್ಕನ್ನು ಆರಿಸುವ ಪಟ್ಟಿಯನ್ನು ತಿರುಗಿಸಿದೆ. ತಿರುಗಿಸಿದಂತೆ ಒಂದು ತುದಿ ಕುಗ್ಗಿತು, ಮರಳಿ ಎದ್ದಿತು. ಮೇಲೆ ಹತ್ತಿದ ಹಸಿಗೆ ಇಂಥ ದಿಕ್ಕು ಎಂಬುದಿಲ್ಲ. ಹರಳಿನೊಳಗೆ ಕಟ್ಟಿಕೊಂಡದ್ದು ಮಾತ್ರ ಒಂದೇ ಕಡೆ ಮುಖ ಮಾಡಿ ನಿಲ್ಲುತ್ತದೆ. ಸರ್‌ಗೆ ಇದನ್ನು ವಿವರಿಸಬೇಕಾಗಿರಲಿಲ್ಲ.

“ಇಳದದ್ದು ನನ್ನ ತಪ್ಪು ಸರ್. ತೊಳದೆ ಅಂತ ಲೇಖನದಾಗ ಬರೀತೇನಿ. ನಿಂತದ್ದು ಕಲ್ಲಿಂದು.”

“ಓದಿದ ಮಂದಿ ನಗ್ತಾರ.”

“ನಗಲಿ.”

ಕೀಬೋರ್ಡನ್ನು ಅವರ ಕಡೆ ತಿರುಗಿಸಿಟ್ಟೆ. ಹೊರಗೆ ಸವಣೂರಿನ ಬಸ್ಸು ಹಾರ್ನ್ ಹೊಡೆದು ಹೊರಟಿತು. ಮಾಸೂಮಾ ನನ್ನ ಮುಖ ನೋಡಿದಳು. ನಾನು ಏಳಲಿಲ್ಲ.

ಸರ್ ಕನ್ನಡಕ ಒರೆಸಿಕೊಂಡು ಕೇಳಿದರು, “ಹಿಂದಿನ ಲೇಖನ ಅಪೂರ್ಣ ಅಂತ ಬರೀಲ್ಯಾ?”

“ತಪ್ಪು ಅಂತ ಬರೀರಿ, ಸರ್.”