ಕಾತ್ಯಾಯಿನಿ ಮಾರಿದ ಷೇರು

ಜಯನಗರ ನಾಲ್ಕನೇ ಬ್ಲಾಕಿನ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಕೈಲಾಸ್ ಎಂಬುವನ ಷೇರು ಬ್ರೋಕರ್ ಆಫೀಸಿದೆ. ಈಗ ಷೇರು ಕೊಳ್ಳುವವರೆಲ್ಲ ಮೊಬೈಲಿನಲ್ಲೇ ಕೊಳ್ಳುತ್ತಾರೆ. ಆದರೂ ಬೆಳಗಾದರೆ ಅಲ್ಲಿಗೆ ಕೆಲವರು ಬಂದು ಕೂರುತ್ತಾರೆ. ಹೆಚ್ಚಿನವರು ನಿವೃತ್ತರು. ಗೋಡೆಯ ಟಿವಿಯಲ್ಲಿ ಬೆಲೆಗಳು ಹರಿಯುವುದನ್ನು ನೋಡುತ್ತ, ಕೆಳಗಿನ ಹೋಟೆಲಿನಿಂದ ಬೈ ಟು ಕಾಫಿ ತರಿಸಿಕೊಂಡು, ಊಟದ ಹೊತ್ತಿಗೆ ಎದ್ದು ಹೋಗುತ್ತಾರೆ.

ಜಯದೇವಪ್ಪ ಅವರಲ್ಲೊಬ್ಬರು. ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರಾಗಿದ್ದವರು, ಬನಶಂಕರಿಯಲ್ಲಿ ಮಗ ಶಿವರಾಜ್ ಮತ್ತು ಸೊಸೆಯ ಜೊತೆ ಇದ್ದರು. ಹೆಂಡತಿ ತೀರಿಕೊಂಡ ಮೇಲೆ ಹಗಲು ಕಳೆಯುವುದು ಕಷ್ಟವಾಗಿ ಇಲ್ಲಿಗೆ ಬರತೊಡಗಿದ್ದರು. ಪಕ್ಕದ ಕುರ್ಚಿಗೆ ಕಾತ್ಯಾಯಿನಿ ಬರಲು ಶುರುವಾದ ಮೇಲಂತೂ ಟಿವಿಯ ಕಡೆ ಅವರ ಗಮನ ಇನ್ನಷ್ಟು ಕಡಿಮೆಯಾಗಿತ್ತು.

ಕಾತ್ಯಾಯಿನಿ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಮದುವೆಯಾಗಿರಲಿಲ್ಲ. ತಿಲಕ್ ನಗರದಲ್ಲಿ ಅಣ್ಣನ ಮನೆಯ ಮಹಡಿ ಕೋಣೆಯಲ್ಲಿ ಇದ್ದರು. ಅವರ ಬಳಿ ಇದ್ದದ್ದು ಒಂದೇ ಕಂಪನಿಯ ಷೇರು. ಬೊಮ್ಮನಹಳ್ಳಿ ಕಡೆಯ ಸಿದ್ಧ ಉಡುಪಿನ ಕಂಪನಿ. ಅಲ್ಲಿ ಹೊಲಿದ ಅಂಗಿಗಳು ಅಮೆರಿಕಕ್ಕೆ ಹೋಗುತ್ತಿದ್ದವು. ಅವರ ತಂದೆ ಅಲ್ಲಿ ಮೊದಲಿನಿಂದಲೂ ಲೆಕ್ಕಪತ್ರ ನೋಡಿಕೊಂಡಿದ್ದವರು. ಕಂಪನಿ ಷೇರು ಬಿಟ್ಟಾಗ ಸಿಬ್ಬಂದಿಗೆ ಕೊಟ್ಟದ್ದರಲ್ಲಿ ಅವರ ಪಾಲು ಮಗಳಿಗೆ ಬಂದಿತ್ತು.

"ನೀವು ದಿನಾ ಒಂದೇ ಷೇರು ನೋಡ್ತೀರಲ್ಲ ಮೇಡಂ, ಬೇಜಾರಾಗಲ್ವಾ?" ಎಂದು ಜಯದೇವಪ್ಪ ಒಮ್ಮೆ ಕೇಳಿದ್ದರು.

"ನಂಗೆ ಬೇಕಾಗಿರೋದು ಒಂದೇ ಮನೆ, ಅದಕ್ಕೆ" ಎಂದು ಕಾತ್ಯಾಯಿನಿ ನಕ್ಕಿದ್ದರು.

ಆಮೇಲೆ ವಿವರವಾಗಿ ಹೇಳಿದರು. ಶ್ರೀರಂಗಪಟ್ಟಣದಲ್ಲಿ, ಚಿಕ್ಕವರಿದ್ದಾಗ ಅಜ್ಜಿಯ ಜೊತೆ ಕಳೆದ ಬೀದಿಯಲ್ಲೇ, ಕೆಂಪಕ್ಕ ಎಂಬುವವರ ಮನೆಯ ಹಿಂಭಾಗ ಭೋಗ್ಯಕ್ಕಿತ್ತು. ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟರೆ ಬಾಡಿಗೆಯಿಲ್ಲದೆ ವರ್ಷಗಟ್ಟಲೆ ಇರಬಹುದು. ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸೀಬೆ ಮರ. ಷೇರು ಇಂಥ ಬೆಲೆಗೆ ಬಂದರೆ ಮಾರಿ ಹೊರಟುಬಿಡುವುದು ಎಂದು ನಿಶ್ಚಯಿಸಿದ್ದರು.

"ಅತ್ತಿಗೆ ಒಳ್ಳೇವ್ರೇ. ಆದ್ರೂ ಅಡುಗೆಮನೇಲಿ ಡಬ್ಬಿ ಎಲ್ಲಿಡಬೇಕು ಅಂತ ನಾನು ಒಂದಿನಾನೂ ಹೇಳಿದೋಳಲ್ಲ, ಜಯದೇವಪ್ಪನೋರೆ. ಅಷ್ಟೇ ಆಸೆ."

ಜಯದೇವಪ್ಪ ತಲೆಯಾಡಿಸಿದರು. ಅಂದಿನಿಂದ ಅವರಿಗೂ ಆ ಷೇರಿನ ಬೆಲೆ ನೋಡುವ ಚಾಳಿ ಹತ್ತಿತು. ಅದು ಏರಿದ ದಿನ ಮನೆಗೆ ಹೋದರೆ ಅನ್ನ ಸೇರುತ್ತಿರಲಿಲ್ಲ. ಇಳಿದ ದಿನ ದಾರಿಯಲ್ಲಿ ಬಸ್ಸಿನಿಂದ ಇಳಿದು ಮೊಮ್ಮಗಳಿಗೆ ಜಹಾಂಗೀರ್ ಕಟ್ಟಿಸಿಕೊಂಡು ಹೋಗುತ್ತಿದ್ದರು. ತಾನು ಏನನ್ನು ಬೇಡಿಕೊಳ್ಳುತ್ತಿದ್ದೇನೆ ಎಂಬುದು ಗೊತ್ತಾದಾಗ ಅವರಿಗೆ ಹೆದರಿಕೆಯಾಯಿತು. ಈ ವಯಸ್ಸಿನಲ್ಲಿ ಇದೇನು ಎಂದುಕೊಂಡು ಎರಡು ದಿನ ಆಫೀಸಿನ ಕಡೆ ಹೋಗಲಿಲ್ಲ. ಮೂರನೆಯ ದಿನ ಬಾಗಿಲು ತೆರೆಯುವ ಮುಂಚೆಯೇ ಮೆಟ್ಟಿಲ ಮೇಲೆ ನಿಂತಿದ್ದರು.

ಏಪ್ರಿಲ್ ಬಂತು. ಷೇರು ಕಾತ್ಯಾಯಿನಿ ಗುರುತು ಹಾಕಿಕೊಂಡ ಬೆಲೆಯ ಹತ್ತಿರಕ್ಕೆ ಬಂದಿದ್ದಾಗ ಅಮೆರಿಕ ಎಲ್ಲ ದೇಶಗಳ ಸರಕಿನ ಮೇಲೂ ಸುಂಕ ಹೇರುವುದಾಗಿ ಸಾರಿತು. ಶನಿವಾರ ಭಾನುವಾರ ಜನ ಹೆದರಿಕೊಂಡೇ ಕಳೆದರು. ಸೋಮವಾರ ಪೇಟೆ ತೆರೆಯುತ್ತಲೇ ಟಿವಿ ತುಂಬ ಕೆಂಪು. ಒಳ್ಳೆಯ ಕಂಪನಿ, ಕೆಟ್ಟ ಕಂಪನಿ ಎನ್ನದೆ ಎಲ್ಲವೂ ಬಿದ್ದವು. ಕಾತ್ಯಾಯಿನಿಯವರ ಷೇರು ಎಲ್ಲಕ್ಕಿಂತ ಹೆಚ್ಚು ಬಿತ್ತು.

"ಫ್ಯಾಕ್ಟರಿಗೆ ಏನಾಯ್ತು ಕೈಲಾಸ್? ಮೊನ್ನೆ ತನಕ ಚೆನ್ನಾಗಿತ್ತಲ್ಲ" ಎಂದರು ಕಾತ್ಯಾಯಿನಿ.

"ಫ್ಯಾಕ್ಟರಿಗೆ ಏನೂ ಆಗಿಲ್ಲ ಮೇಡಂ. ಮಷಿನ್ ಓಡ್ತಾ ಇವೆ, ಆರ್ಡರ್ ಇದೆ. ಸೆಂಟಿಮೆಂಟ್, ಅಂದ್ರೆ ಜನರ ಧೈರ್ಯ, ಹೋಯ್ತು ಅಷ್ಟೇ. ಸುಂಕ ಬಂದ್ರೆ ಅಲ್ಲಿ ಅಂಗಿ ರೇಟ್ ಜಾಸ್ತಿ ಆಗುತ್ತೆ, ಕೊಳ್ಳೋರು ಕಮ್ಮಿ ಆಗ್ತಾರೆ ಅಂತ ಜನಕ್ಕೆ ಭಯ. ಹೆದರಿಕೊಂಡೋರು ಮೊದ್ಲು ಮಾರ್ತಾರೆ, ಆಮೇಲೆ ಯೋಚ್ನೆ ಮಾಡ್ತಾರೆ."

ಜಯದೇವಪ್ಪನವರಿಗೆ ಮೊದಲು ಆದದ್ದು ಖುಷಿ. ಇನ್ನು ಇವರು ಎಲ್ಲಿಗೂ ಹೋಗುವುದಿಲ್ಲ! ಆ ಖುಷಿಯಲ್ಲೇ ಪಕ್ಕಕ್ಕೆ ತಿರುಗಿದರು. ಕಾತ್ಯಾಯಿನಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದರು. ಏನೂ ಕಾಣದ ಕಣ್ಣುಗಳಿಂದ ಟಿವಿಯತ್ತಲೇ ನೋಡುತ್ತಿದ್ದರು. ಜಯದೇವಪ್ಪ ಕಾಫಿ ಲೋಟ ಕೆಳಗಿಟ್ಟರು. ತಮ್ಮ ಬಗ್ಗೆ ತಮಗೇ ಅಸಹ್ಯವಾಯಿತು.

ಸುಂಕ ಮುಂದೂಡಿದ ಸುದ್ದಿ ಬಂದು ಪೇಟೆ ಚೇತರಿಸಿಕೊಂಡಿತು. ಷೇರೂ ನಿಧಾನಕ್ಕೆ ಮೇಲೆದ್ದಿತು. ಆದರೆ ಆಗಸ್ಟಿನಲ್ಲಿ ಭಾರತದ ಸರಕಿನ ಮೇಲೆ ಇನ್ನೂ ದೊಡ್ಡ ಸುಂಕ ಬಿತ್ತು. ಈ ಸಲ ಹೆದರಿಕೆ ಬರೀ ಹೆದರಿಕೆಯಾಗಿ ಉಳಿಯಲಿಲ್ಲ. ಬೊಮ್ಮನಹಳ್ಳಿಯಲ್ಲಿ ಒಂದು ಪಾಳಿ ನಿಂತಿತು, ಹೊಲಿಗೆಯ ಹೆಂಗಸರನ್ನು ಮನೆಗೆ ಕಳಿಸಿದರು. ಷೇರು ಏಪ್ರಿಲ್‌ಗಿಂತ ಕೆಳಗಿಳಿಯಿತು.

"ಅಪ್ಪ ಇದ್ದಾಗ ದಸರಾಕ್ಕೆ ಆ ಹೆಂಗಸರೆಲ್ಲ ನಮ್ಮನೆಗೆ ಬರೋರು" ಎಂದರು ಕಾತ್ಯಾಯಿನಿ, ಮೆಟ್ಟಿಲಿಳಿಯುತ್ತ. "ನಾನು ನನ್ನ ಸೀಬೆ ಮರದ ಯೋಚ್ನೆ ಮಾಡ್ತಾ ಕೂತಿದೀನಿ."

ಆ ಮಳೆಗಾಲ, ಆಮೇಲಿನ ಚಳಿಗಾಲ ಜಯದೇವಪ್ಪನವರ ಪಾಲಿಗೆ ಬಂದ ಒಳ್ಳೆಯ ಕಾಲ. ಆಫೀಸಿನಿಂದ ಇಬ್ಬರೂ ತಿಲಕ್ ನಗರದ ತಿರುವಿನವರೆಗೆ ನಡೆದು ಹೋಗುತ್ತಿದ್ದರು. ಕೆಂಪಕ್ಕ ಫೋನ್ ಮಾಡಿ ಬೇರೆಯವರು ಮನೆ ಕೇಳುತ್ತಿದ್ದಾರೆ ಎಂದದ್ದು, ಸಂಕ್ರಾಂತಿ ಕಳೆಯಲಿ ಎಂದು ಕಾತ್ಯಾಯಿನಿ ಬೇಡಿಕೊಂಡದ್ದು, ಎಲ್ಲವನ್ನೂ ಜಯದೇವಪ್ಪ ಕೇಳುತ್ತಿದ್ದರು. ಕಾತ್ಯಾಯಿನಿ ತಂದು ಕೊಟ್ಟ ಎಳ್ಳು ಬೆಲ್ಲವನ್ನು ದಿನಗಟ್ಟಲೆ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದರು. ಹೇಳಬೇಕೆಂದಿದ್ದ ಮಾತು ತಿರುವಿನವರೆಗೂ ನಾಲಿಗೆಯ ಮೇಲಿದ್ದು, ತಿರುವು ಬಂದೊಡನೆ "ಬರ್ತೀನಿ ಮೇಡಂ" ಎಂಬಲ್ಲಿಗೆ ಮುಗಿಯುತ್ತಿತ್ತು. ತಮ್ಮ ಸಂತೋಷ ಇನ್ನೊಬ್ಬರ ನಷ್ಟದ ಮೇಲೆ ನಿಂತಿದೆ ಎಂಬುದನ್ನು ಅವರು ಒಂದು ದಿನವೂ ಮರೆಯಲಿಲ್ಲ. ಆದರೂ ಬೆಳಗಾದರೆ ಆ ಮೆಟ್ಟಿಲು ಹತ್ತದೆ ಇರಲು ಆಗುತ್ತಿರಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ಆಫೀಸಿನಲ್ಲಿ ಎಲ್ಲರೂ ನಿಂತೇ ಇದ್ದರು. ಎರಡೂ ದೇಶ ಒಪ್ಪಂದಕ್ಕೆ ಬಂದಿವೆ, ಸುಂಕ ಇಳಿಯುತ್ತದೆ ಎಂಬ ಸುದ್ದಿ. ಉಡುಪಿನ ಕಂಪನಿಗಳ ಷೇರುಗಳು ತೆರೆಯುತ್ತಲೇ ಜಿಗಿದವು. ಕಾತ್ಯಾಯಿನಿಯವರ ಷೇರು ತಿಂಗಳುಗಟ್ಟಲೆ ಕಳೆದುಕೊಂಡದ್ದನ್ನು ಒಂದೇ ಬೆಳಿಗ್ಗೆ ಗಳಿಸಿಕೊಂಡು, ಅವರು ಗುರುತು ಹಾಕಿದ ಬೆಲೆಗೆ ತುಸುವೇ ಕೆಳಗೆ ಬಂದು ನಿಂತಿತು.

"ಕಾಯಿರಿ ಮೇಡಂ" ಎಂದ ಕೈಲಾಸ್. "ಇನ್ನೂ ಏರುತ್ತೆ. ಸೆಂಟಿಮೆಂಟ್ ಸಖತ್ತಾಗಿದೆ."

ಉಳಿದವರೂ ಅದನ್ನೇ ಹೇಳಿದರು. ಗಂಗಾಧರಯ್ಯ ಎಂಬ ಹಿರಿಯರಂತೂ ಯುಗಾದಿವರೆಗೆ ಮುಟ್ಟಲೇಬೇಡಿ ಎಂದರು. ಕಾತ್ಯಾಯಿನಿ ಜಯದೇವಪ್ಪನವರತ್ತ ತಿರುಗಿದರು.

"ನೀವೇನಂತೀರಿ?"

ಕಾಯಿರಿ ಎಂದರೆ ಸಾಕಿತ್ತು. ಎಲ್ಲರೂ ಹೇಳಿದ ಮಾತು. ಯಾರೂ ತಪ್ಪು ಹುಡುಕುತ್ತಿರಲಿಲ್ಲ. ಯುಗಾದಿವರೆಗೆ ಇನ್ನಷ್ಟು ಬೆಳಗುಗಳು ಸಿಗುತ್ತಿದ್ದವು. ಜಯದೇವಪ್ಪ ಟಿವಿಯಿಂದ ಕಣ್ಣು ತೆಗೆದರು.

"ಇವತ್ತೇ ಮಾರಿ, ಮೇಡಂ."

"ಸಾರ್!" ಎಂದ ಕೈಲಾಸ್.

"ಇನ್ನೂ ಏರಬಹುದು, ಇಲ್ಲ ಅನ್ನಲ್ಲ. ಆದ್ರೆ ಇದು ಸುದ್ದಿ ಮೇಲೆ ಏರಿದ್ದು. ನಿಂತ ಪಾಳಿ ಇನ್ನೂ ಶುರುವಾಗಿಲ್ಲ, ಮನೆಗೆ ಹೋದ ಹೆಂಗಸ್ರು ಇನ್ನೂ ವಾಪಸ್ ಬಂದಿಲ್ಲ. ನಾಳೆ ಅಲ್ಲಿ ಯಾರೋ ಇನ್ನೇನೋ ಅಂದ್ರೆ ಮತ್ತೆ ಇಳಿಯುತ್ತೆ. ನಿಮಗೆ ಬೇಕಾಗಿರೋದು ಲಾಭ ಅಲ್ಲ, ಮನೆ. ಸ್ವಲ್ಪ ಕಮ್ಮಿ ಬಿದ್ರೆ ಕೆಂಪಕ್ಕ ಒಪ್ತಾರೆ, ಕೇಳಿ ನೋಡಿ."

ಕಾತ್ಯಾಯಿನಿ ಬಾಲ್ಕನಿಗೆ ಹೋಗಿ ಫೋನ್ ಮಾಡಿದರು. ಒಳಗೆ ಬಂದಾಗ ಮುಖ ಕೆಂಪಾಗಿತ್ತು. "ಕೆಂಪಕ್ಕ ಒಪ್ಕೊಂಡ್ರು. ಮಾರಿಬಿಡಪ್ಪಾ" ಎಂದರು. ಕೈಲಾಸ್ ಗೊಣಗುತ್ತಲೇ ಮಾರಿದ.

ಕೆಳಗೆ ಬಂದು ಎಂದಿನಂತೆ ನಡೆದರು. ತಿರುವಿನಲ್ಲಿ ಹೂವಿನವಳ ಪಕ್ಕ ಜಯದೇವಪ್ಪ ನಿಂತುಬಿಟ್ಟರು.

"ಒಂದು ಮಾತು ಹೇಳ್ಬೇಕು. ಆ ಷೇರು ಏರದೇ ಇರಲಿ ಅಂತ ನಾನು ಇಷ್ಟು ದಿನ ಬೇಡ್ಕೊಳ್ತಿದ್ದೆ. ನೀವು ಇಲ್ಲೇ ಇರ್ಬೇಕು ಅಂತ."

ಕಾತ್ಯಾಯಿನಿ ಅವರನ್ನೇ ನೋಡಿದರು. ಕೋಪವೋ ನಗುವೋ ಜಯದೇವಪ್ಪನವರಿಗೆ ತಿಳಿಯಲಿಲ್ಲ.

"ಮತ್ತೆ ಮಾರಿ ಅಂದ್ರಲ್ಲ?"

"ನೀವು ನನ್ನನ್ನ ಕೇಳಿದ್ರಲ್ಲ."

ಬಸ್ಸೊಂದು ಹಾದು ಹೋಯಿತು. ಕಾತ್ಯಾಯಿನಿ ಸೆರಗು ಸರಿಮಾಡಿಕೊಂಡರು. "ಈ ಮಾತು ಆಗಸ್ಟಲ್ಲಿ ಹೇಳಿದ್ದಿದ್ರೆ ನಾನು ಇದ್ದುಬಿಡ್ತಿದ್ನೋ ಏನೋ. ಹೇಳದೇ ಇದ್ದಿದ್ದು ಒಳ್ಳೇದಾಯ್ತು. ನಾನು ಹೋಗ್ಬೇಕು, ಜಯದೇವಪ್ಪನೋರೆ. ಒಂದ್ಸಲನಾದ್ರೂ ನನ್ನ ಮನೆ ಬಾಗಿಲು ನಾನೇ ಹಾಕ್ಕೋಬೇಕು." ಎರಡು ಹೆಜ್ಜೆ ಹೋಗಿ ತಿರುಗಿದರು. "ಹಾಕ್ಕೋಳೋ ಬಾಗಿಲು ತೆಗೆಯೋದಕ್ಕೂ ಬರುತ್ತೆ. ಅಲ್ಲಿಗೆ ಬನ್ನಿ."

ಶಿವರಾತ್ರಿಯ ಹೊತ್ತಿಗೆ ಕಾತ್ಯಾಯಿನಿ ಶ್ರೀರಂಗಪಟ್ಟಣಕ್ಕೆ ಹೊರಟುಹೋದರು. ಷೇರು ಇನ್ನೊಂದಿಷ್ಟು ಏರಿತು. ಕೈಲಾಸ್ "ನೋಡಿದ್ರಾ ಸಾರ್" ಎಂದು ದಿನಾ ಚುಚ್ಚಿದ. ಆಮೇಲೆ ಇಳಿಯಿತು, ಅವನು ಸುಮ್ಮನಾದ. ಜಯದೇವಪ್ಪನವರಿಗೆ ಎರಡೂ ಒಂದೇ ಆಗಿತ್ತು. ಪಕ್ಕದ ಕುರ್ಚಿಯಲ್ಲಿ ಈಗ ಗಂಗಾಧರಯ್ಯ ಕೂರುತ್ತಿದ್ದರು. ಜಯದೇವಪ್ಪ ಫೋನ್ ತೆಗೆದು ಕಾತ್ಯಾಯಿನಿಯವರ ಹೆಸರಿನವರೆಗೂ ಹೋಗಿ, ಏನೆಂದು ಮಾತಾಡಲಿ ಎಂದು ಮತ್ತೆ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಯುಗಾದಿ ಕಳೆದ ಮೇಲಿನ ಒಂದು ಭಾನುವಾರ, ಯಾರಿಗೂ ಹೇಳದೆ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋದರು. ಬೀದಿಯ ಬಾಯಲ್ಲೇ ಕಾತ್ಯಾಯಿನಿಯವರ ದನಿ ಕೇಳಿಸಿತು. ಸೊಪ್ಪಿನವಳ ಜೊತೆ ಜೋರಾಗಿ ಚೌಕಾಸಿ ಮಾಡುತ್ತಿದ್ದರು. ಅಷ್ಟು ದೊಡ್ಡ ದನಿ ಅವರಿಗಿದೆಯೆಂದೇ ಜಯದೇವಪ್ಪನವರಿಗೆ ಗೊತ್ತಿರಲಿಲ್ಲ. ಅಣ್ಣನ ಮನೆಯಲ್ಲಿ, ಆಫೀಸಿನಲ್ಲಿ, ಅದೆಲ್ಲಿ ಅಡಗಿತ್ತೋ. ಹತ್ತಿರ ಹೋಗಲು ಮನಸ್ಸಾಗದೆ ಸ್ವಲ್ಪ ಹೊತ್ತು ನಿಂತು ಕೇಳಿದರು.

ಊಟಕ್ಕೆ ಕಾತ್ಯಾಯಿನಿ ಬಸ್ಸಾರು ಮಾಡಿದ್ದರು. ಇಬ್ಬರೂ ಸೀಬೆ ಮರದ ಕೆಳಗೆ ಕೂತು ಸಂಜೆಯವರೆಗೆ ಮಾತಾಡಿದರು. ಷೇರಿನ ಸುದ್ದಿ ಬರಲೇ ಇಲ್ಲ. ವಾಪಸ್ ಬನ್ನಿ ಎಂದು ಹೇಳುವ ಆಸೆ ಜಯದೇವಪ್ಪನವರಿಗೆ ಹಲವು ಸಲ ಬಂತು. ಆ ದನಿ ಕೇಳಿದ ಮೇಲೆ ಹೇಳಲಾಗಲಿಲ್ಲ. ಹೊರಡುವಾಗ ಕಾತ್ಯಾಯಿನಿ ಬಸ್ ನಿಲ್ದಾಣದವರೆಗೆ ಬಂದರು. "ಮುಂದಿನ ವಾರ ತಡ ಮಾಡ್ಬೇಡಿ, ತಿಂಡಿಗೇ ಬನ್ನಿ" ಎಂದರು.

ಬಸ್ಸಿನಲ್ಲಿ ಮಂಡ್ಯ ದಾಟುವವರೆಗೂ ಕಿಟಕಿಯ ಗಾಳಿಗೆ ಮುಖವೊಡ್ಡಿ ಕೂತಿದ್ದರು. ಒಂದು ವಾರ ಎಷ್ಟು ಉದ್ದ ಎಂದು ಅವರು ಯೋಚಿಸಿದ್ದು ಇದೇ ಮೊದಲು.

ಬನಶಂಕರಿಯ ಮನೆಗೆ ಬಂದಾಗ ಸೊಸೆ ಮಧುಶ್ರೀ ಬಾಗಿಲಲ್ಲೇ ಕಾಯುತ್ತಿದ್ದಳು. "ಮಾವ, ಎಲ್ಲಿಗೆ ಹೋಗಿದ್ರಿ? ಫೋನೂ ಎತ್ತಲಿಲ್ಲ. ಇವ್ರು ನಿಮ್ಮನ್ನ ಹುಡುಕ್ಕೊಂಡು ಪಾರ್ಕಿಗೆ ಹೋಗಿದಾರೆ."

ಏನಾದರೂ ಒಂದು ನೆಪ ಹೇಳಬಹುದಿತ್ತು. ಜಯದೇವಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು.

"ಕಾತ್ಯಾಯಿನಿ ಅಂತ ಇದಾರಮ್ಮ" ಎಂದರು. "ಅವ್ರ ಮನೆಗೆ ಹೋಗಿದ್ದೆ. ಶಿವರಾಜೂ ಬರ್ಲಿ, ಇಬ್ರಿಗೂ ಹೇಳ್ತೀನಿ."