ಚಂದಮ್ಮ ಮಾತಾಡಿಸುತ್ತಿದ್ದ ಒಲೆ

ನಾನು ಒಂದು ತಗಡಿನ ಒಲೆ. ಈಗ ನನ್ನನ್ನು ನೋಡಿದವರು ಯಾರೂ ನಂಬುವುದಿಲ್ಲ. ಆದರೆ ಒಂದು ಕಾಲಕ್ಕೆ ನನ್ನ ಮೇಲೆ ಬೆಂದ ರೊಟ್ಟಿಯನ್ನು ಅರ್ಧ ಕಲಬುರಗಿ ತಿಂದಿದೆ.

ಗುಜರಿ ಬಜಾರಿನಲ್ಲಿ ಎಣ್ಣೆಯ ಡ್ರಮ್ಮೊಂದನ್ನು ನಡುವೆ ಕತ್ತರಿಸಿದಾಗ ನಾನು ಹುಟ್ಟಿದೆ. ವೆಲ್ಡಿಂಗ್ ಮಾಡುವವನು ನನಗೊಂದು ಬಾಯಿ ಕೊರೆದ, ಹಂಚು ಕೂರಲು ಅಂಚಿಗೆ ಮೂರು ಕಬ್ಬಿಣದ ಗುಬಟು ಹಚ್ಚಿದ, ಬಿಸಿಲಿಗೆ ಇಟ್ಟ. ಸಂಜೆಯೊಳಗೆ ಶಿವಶರಣಪ್ಪ ಬಂದು ನನ್ನನ್ನು ಒಯ್ದ. ಬಸ್ ನಿಲ್ದಾಣದ ಎದುರು ಅವನದು ಮಿರ್ಚಿ ಭಜಿ ಬಂಡಿ.

ಅಲ್ಲಿ ಸುಖವಾಗಿದ್ದೆ. ಒಂದು ದಿನ ಅವನು ಕೆಂಪು ಬಣ್ಣದ ಗ್ಯಾಸ್ ಸಿಲಿಂಡರು ತಂದ. ಕಿವಿ ತಿರುವಿದರೆ ಸಾಕು, ಅದು ನೀಲಿಯಾಗಿ ನಗುತ್ತಿತ್ತು. ಬಂದ ಗಿರಾಕಿಗೆಲ್ಲ ಶಿವಶರಣಪ್ಪ ಅದನ್ನು ತೋರಿಸುವನು. "ನೋಡ್ರಿ, ಹೊಗಿ ಇಲ್ಲ, ಬೂದಿ ಇಲ್ಲ. ಇಷ್ಟ ದಿನ ಆ ದರಿದ್ರದ ಮುಂದ ಕುಂತು ಕಣ್ಣು ಕಳ್ಕೊಂಡೆ" ಎನ್ನುವನು. ದರಿದ್ರ ಎಂದರೆ ನಾನು. ಬಂಡಿಯ ಕೆಳಗೆ ಬಿದ್ದುಕೊಂಡು ಆ ಕೆಂಪು ಬೆನ್ನನ್ನು ನೋಡುತ್ತಿದ್ದೆ. ಹೊಟ್ಟೆಕಿಚ್ಚು ಎಂಬುದು ಕಟ್ಟಿಗೆಯಿಲ್ಲದೆಯೂ ಉರಿಯುತ್ತದೆ ಎಂದು ನನಗೆ ಗೊತ್ತಾದದ್ದು ಆಗ.

ಅಲ್ಲಿಂದ ನನ್ನನ್ನು ಕೊಂಡವಳು ಜಗದೇವಿ. ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಿದ್ದವಳು, ಯಾರ ಕೈಕೆಳಗೂ ಬೇಡವೆಂದು ಬಾಡಿಗೆ ಮನೆಯ ಕೆಳಗಿನ ಕೋಣೆಯಲ್ಲಿ ರೊಟ್ಟಿ ಕೇಂದ್ರ ಶುರು ಮಾಡಿದ್ದಳು. ಹಿತ್ತಲಿನ ಚಪ್ಪರದಡಿ ನನ್ನನ್ನು ಕೂರಿಸಿದಳು. ರೊಟ್ಟಿ ಬಡಿಯಲು ಬಂದವಳು ಚಂದಮ್ಮ.

ಚಂದಮ್ಮನ ಬಗ್ಗೆ ಹೇಗೆ ಹೇಳಲಿ? ಬೆಳಗಿನಿಂದ ಮಧ್ಯಾಹ್ನದವರೆಗೆ ಅವಳು ನನ್ನ ಮುಂದೆಯೇ. ಅವಳ ಬಳೆ ಹಿಂದಕ್ಕೆ ಸರಿದು ಮೊಣಕೈ ಹತ್ತಿರ ನಿಂತಿರುತ್ತಿತ್ತು. ಅಂಗೈ ತಿರುಗುತ್ತ ತಿರುಗುತ್ತ ಜೋಳದ ಹಿಟ್ಟು ಚಂದ್ರನಷ್ಟು ಅಗಲವಾಗುತ್ತಿತ್ತು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಿಗೆ ಯಾರೂ ಇರಲಿಲ್ಲವೋ ಏನೋ, ಅವಳು ನನ್ನೊಡನೆ ಮಾತಾಡುವಳು. "ಯಾಕೋ ಇವತ್ತ ಸಿಟ್ಟಿಗಿ ಬಂದೀದಿ? ಸಮಾಧಾನದಿಂದ ಉರಿಯೋ ನನ್ನಪ್ಪ" ಎನ್ನುವಳು. ನಾನು ಸಮಾಧಾನದಿಂದ ಉರಿಯುತ್ತಿದ್ದೆ. ಅವಳು ಬಾಗಿಲ ಕಡೆ ನೋಡಿದರೆ, ಹಾಲಿನವನೊಡನೆ ನಕ್ಕರೆ, ನನಗೆ ತಡೆಯಲಾಗುತ್ತಿರಲಿಲ್ಲ. ಒಂದು ರೊಟ್ಟಿ ಕಪ್ಪಗೆ ಮಾಡುತ್ತಿದ್ದೆ. ಆಗ ನನ್ನ ಕಡೆ ತಿರುಗುತ್ತಿದ್ದಳು.

ಅವಳು ಕೆಮ್ಮತೊಡಗಿದಳು. ಮೊದಮೊದಲು ಸೆರಗಿನೊಳಗೆ, ಆಮೇಲೆ ಗೋಡೆ ಹಿಡಿದು. ಅದು ನನ್ನ ಹೊಗೆಯಿಂದ ಎಂದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಒಪ್ಪುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮೇಲಿನ ಮನೆಯ ಮಾಲಕಿ ಕಸ್ತೂರಿಬಾಯಿ ಮೊಮ್ಮಗುವನ್ನು ಎತ್ತಿಕೊಂಡೇ ಇಳಿದು ಬಂದಳು. ಮಗುವಿನ ಮೂಗಿನ ತುದಿಯಲ್ಲಿ ಮಸಿ.

"ನೋಡವ್ವ ಜಗದೇವಿ, ಕೂಸಿಗಿ ಉಸುರು ತಗೊಳ್ಳಾಕ ಬರವಲ್ದು. ಯುಗಾದಿ ತನಕ ನೋಡ್ತೀನಿ. ಹೊಗಿ ನಿಲ್ಲಸು, ಇಲ್ಲಾ ಮನಿ ಬಿಡು."

"ಗ್ಯಾಸ್ ತರೂವಷ್ಟು ಶಕ್ತಿ ಇಲ್ರಿ ಬಾಯಾರ" ಎಂದಳು ಜಗದೇವಿ.

"ಅದು ನಿನ್ನ ವಿಚಾರ. ನಾ ಕೂಸಿನ ಕಡಿ ನೋಡಬೇಕಲ್ಲ?"

ಜಗದೇವಿಗೆ ಸಿಟ್ಟು ಬರಲಿಲ್ಲ, ಚಿಂತೆ ಬಂತು. ಆ ವಾರ ಆಳಂದದ ತಂಗಿಯ ಊರಿಗೆ ಹೋಗಿದ್ದವಳು ಅಲ್ಲಿನ ಅಂಗನವಾಡಿಯಲ್ಲಿ ಮಣ್ಣಿನ ಒಲೆ ನೋಡಿ ಬಂದಳು. ಬಾಯಿ ಸಣ್ಣದು, ಒಂದೇ ಬೆಂಕಿಗೆ ಎರಡು ಹಂಚು, ಹೊಗೆಗೆ ಬೇರೆ ಕೊಳವೆ. ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದು ಚಂದಮ್ಮನಿಗೆ ತೋರಿಸಿದಳು. "ಮಣ್ಣು, ಹೊಟ್ಟು, ಒಡದ ಇಟ್ಟಂಗಿ. ಎಲ್ಲಾ ಬಿಟ್ಟಿ ಸಿಗ್ತದ. ನಾವ ಮಾಡೂಣು."

ಇಬ್ಬರೂ ನನ್ನ ಎದುರಿಗೇ ಅದನ್ನು ಮಾಡಿದರು. ಚಂದಮ್ಮ ಸೀರೆ ಎತ್ತಿ ಕಟ್ಟಿ ಮಣ್ಣು ತುಳಿದಳು. ಹಿಟ್ಟು ನಾದುವ ಅದೇ ಕೈಯಿಂದ ಅದರ ಮೈ ಸವರಿದಳು, ಒದ್ದೆ ಅಂಗೈಯಿಂದ ಅದರ ಕೆನ್ನೆ ನುಣ್ಣಗೆ ಮಾಡಿದಳು. ನನ್ನನ್ನು ಮಾಡಿದವನು ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಕಿಡಿ ಹಾರಿಸಿದ್ದ. ಇದಕ್ಕೆ ಈ ಭಾಗ್ಯ! ಬಿರುಕು ಬಿಡಲಿ, ಮಳೆ ಬಂದು ಕರಗಲಿ ಎಂದು ಎಷ್ಟು ಹಂಬಲಿಸಿದೆನೋ ಲೆಕ್ಕವಿಲ್ಲ. ಅದು ಒಣಗಿತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿದರು. ನನಗೆ ಯಾರೂ ಹಚ್ಚಿರಲಿಲ್ಲ.

ಆದರೆ ಹೊತ್ತಿಸಿದ ದಿನ ಅದು ಸೋತಿತು. ಗುಜರಿಯಲ್ಲಿ ಸಿಕ್ಕ ಕೊಳವೆ ಮೇಲಿನ ಮನೆಯ ಸೂರಿನವರೆಗೂ ಮುಟ್ಟಿರಲಿಲ್ಲ. ಗಾಳಿ ಗೋಡೆಗೆ ಬಡಿದು ಹೊಗೆಯನ್ನೆಲ್ಲ ಹಿಂದಕ್ಕೆ ದೂಡಿತು. ಚಪ್ಪರದ ತುಂಬ ಹೊಗೆ, ರೊಟ್ಟಿ ಉಬ್ಬಲಿಲ್ಲ. ನಾನು ಮೂಲೆಯಲ್ಲಿ ಕೂತು ಒಳಗೊಳಗೇ ಕುಣಿದೆ. ಈಗ ಬರುತ್ತಾಳೆ, ನನ್ನ ಹತ್ತಿರವೇ ಬರುತ್ತಾಳೆ ಎಂದುಕೊಂಡೆ.

ಚಂದಮ್ಮ ಬರಲಿಲ್ಲ. ಆ ಹೊಗೆಯಲ್ಲಿ ಕೆಮ್ಮುತ್ತ ಕೆಮ್ಮುತ್ತ ನೆಲಕ್ಕೆ ಕುಸಿದಳು. ಕಸ್ತೂರಿಬಾಯಿಯೇ ನೀರು ಹಿಡಿದು ಓಡಿ ಬಂದಳು. ಆಟೋ ತರಿಸಿ ಆಸ್ಪತ್ರೆಗೆ ಒಯ್ದರು.

ಮರುದಿನ ಜಗದೇವಿ ಮತ್ತೆ ನನ್ನನ್ನೇ ಹೊತ್ತಿಸಿದಳು. ಗೆದ್ದೆನೆಂದುಕೊಂಡೆ. ಆದರೆ ನನ್ನ ಮುಂದೆ ಕೂತವಳು ಬೇರೆ ಯಾರೋ. ಬಾಯಿ ಬಿಡದೆ ರೊಟ್ಟಿ ಬಡಿದು, ಕೈ ತೊಳೆದು, ಹೋಗುವಳು. ಎಷ್ಟು ರೊಟ್ಟಿ ಕಪ್ಪಗೆ ಮಾಡಿದರೂ ನನ್ನನ್ನು ಬೈಯಲಿಲ್ಲ ಕೂಡ.

ಚಂದಮ್ಮ ತಿರುಗಿ ಬಂದದ್ದು ಕೆಲಸ ಬಿಡುತ್ತೇನೆಂದು ಹೇಳಲು.

"ಹೊಗಿ ಮುಂದ ಕುಂತ್ರ ಎದಿ ಉಳಿಯಂಗಿಲ್ಲ ಅಂದಾರ ಡಾಕ್ಟರು. ಬ್ಯಾರೆ ಯಾರನರ ನೋಡ್ಕೊ ಯಕ್ಕಾ."

"ನೀ ಹೋದ್ರ ಈ ಅಂಗಡಿ ಯಾಕ ಬೇಕು ನನಗ?" ಜಗದೇವಿ ಅವಳ ಕೈ ಹಿಡಿದಳು. "ಮಣ್ಣಿನ ಒಲಿ ತಪ್ಪಿಲ್ಲ. ಕೊಳವಿ ಗಿಡ್ಡ ಆಗ್ಯಾದ. ಇನ್ನೊಂದು ಆಳೆತ್ತರ ಏರ್ಸಿದ್ರ ಹೊಗಿ ಸೂರು ದಾಟತದ."

"ತಗಡು ಎಲ್ಲಿಂದ ತರ್ತಿ?"

ಜಗದೇವಿ ನನ್ನ ಕಡೆ ನೋಡಿದಳು. ಚಂದಮ್ಮನೂ ನೋಡಿದಳು.

"ಅದನ್ನ ಕಡಿಸಬ್ಯಾಡ ಯಕ್ಕಾ. ಇಷ್ಟ ವರ್ಷ ಅನ್ನ ಹಾಕ್ಯಾದ."

ಆ ಮಾತು ಕೇಳಿ ನನಗಾದ ಸಂತೋಷವನ್ನು ಮರೆತಿಲ್ಲ. ಮಣ್ಣಿನ ಒಲೆಗೆ ಕೇಳಿಸಿರಲಿ ಎಂದುಕೊಂಡೆ. ಅಷ್ಟರಲ್ಲಿ ಚಂದಮ್ಮನಿಗೆ ಮತ್ತೆ ಕೆಮ್ಮು ಹತ್ತಿತು. ಅವಳು ನನ್ನಂಚನ್ನೇ ಹಿಡಿದು ಬಾಗಿದಳು. ಅವಳ ಎದೆಯೊಳಗಿನ ಸದ್ದು ಕೈಯಿಂದಿಳಿದು ನನ್ನ ತಗಡಿಗೆ ಬಂತು. ಖಾಲಿ ಡ್ರಮ್ಮಿನೊಳಗೆ ಕಲ್ಲು ಉರುಳಿದಂತಿತ್ತು. ಆ ಕಲ್ಲುಗಳನ್ನು ಒಳಗೆ ಹಾಕಿದವನು ನಾನೇ ಎಂದು ಆಗ ತಿಳಿಯಿತು.

ಆ ಕೆಮ್ಮು ನೋಡಿದ ಜಗದೇವಿ ತಗಡಿನ ಕೆಲಸದ ಲಾಲಸಾಬನನ್ನು ಕರೆಸಿದಳು. ಅವನು ನನ್ನನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಸುರುಳಿ ಸುತ್ತಿ, ಒಂದರೊಳಗೊಂದು ಸೇರಿಸಿ ಕೊಳವೆ ಮಾಡಿದ. ನೋವಾಯಿತೋ ಎಂದು ಕೇಳಿದರೆ, ನೋವಿಗಿಂತ ಅವಮಾನವೇ ಹೆಚ್ಚಾಯಿತು ಎನ್ನುತ್ತೇನೆ. ಯಾವುದನ್ನು ಕಂಡರೆ ಆಗುತ್ತಿರಲಿಲ್ಲವೋ ಅದರ ತಲೆಯ ಮೇಲೆ ನನ್ನನ್ನು ನಿಲ್ಲಿಸಿದರು.

ಈ ಸಲ ಹೊತ್ತಿಸಿದಾಗ ಹೊಗೆ ನನ್ನೊಳಗಿಂದ ಸರಸರನೆ ಏರಿ ಆಕಾಶಕ್ಕೆ ಹೋಯಿತು. ಕೆಳಗೆ ರೊಟ್ಟಿ ಉಬ್ಬಿದ್ದಕ್ಕೆ ಇಬ್ಬರೂ ಕೂಗಿಕೊಂಡದ್ದು ಕೇಳಿಸಿತು. ಯುಗಾದಿಗೆ ಕಸ್ತೂರಿಬಾಯಿಯೇ ಹೋಳಿಗೆ ಕಳಿಸಿದಳು.

ಆಮೇಲೆ ಜಗದೇವಿಗೆ ಹುರುಪು ಬಂತು. ಕಟ್ಟಿಗೆ ಅಡ್ಡೆಯ ದೊಡ್ಡ ಕೊರಡು ಬಿಟ್ಟು, ಹೊಲದಲ್ಲಿ ಸುಮ್ಮನೆ ಸುಡುತ್ತಿದ್ದ ತೊಗರಿ ಕಡ್ಡಿಯನ್ನು ತರಿಸಿದಳು. ಮಣ್ಣಿನ ಒಲೆಯ ಸಣ್ಣ ಬಾಯಿಗೆ ಅದೇ ಸಾಕಿತ್ತು. ರೊಟ್ಟಿ ಕಟ್ಟಿ ಕೊಡುವ ಪ್ಲಾಸ್ಟಿಕ್ ಚೀಲ ನಿಲ್ಲಿಸಿದಳು. "ಬಟ್ಟಿ ತಂದವ್ರಿಗಿ ಮೆತ್ತನ ರೊಟ್ಟಿ ಮ್ಯಾಲ ಒಂದು ಚಟ್ನಿ ಬಿಟ್ಟಿ" ಎಂದಳು. ಜನ ಟವೆಲು ಹೆಗಲ ಮೇಲೆ ಹಾಕಿಕೊಂಡು ಬರತೊಡಗಿದರು. ಬೇರೆ ಖಾನಾವಳಿಯವರು ಒಲೆ ನೋಡಲು ಬಂದರು. ಬಗ್ಗಿ ಬಗ್ಗಿ ಮಣ್ಣಿನ ಒಲೆಯನ್ನು ಹೊಗಳಿದರು, ಫೋಟೊ ತೆಗೆದರು. ತಲೆಯೆತ್ತಿ ನನ್ನನ್ನು ನೋಡಿದವರು ಒಬ್ಬರೂ ಇಲ್ಲ.

ಈಗ ನನಗೆ ವಯಸ್ಸಾಗಿದೆ. ಮಳೆ ಬಿಸಿಲಿಗೆ ತುಕ್ಕು ಹಿಡಿದು ಮೈ ಜರಡಿಯಾಗುತ್ತಿದೆ. ಮೊನ್ನೆ ಚಂದಮ್ಮ ಮಾಳಿಗೆಗೆ ಬಂದಿದ್ದಳು. ಕೆಳಗಿನಿಂದ ಎಲ್ಲೂ ನಿಲ್ಲದೆ, ಗೋಡೆ ಹಿಡಿಯದೆ, ಮೆಟ್ಟಿಲು ಹತ್ತಿ ಬಂದಳು. ಕೊಳವೆಯ ಸುತ್ತ ತಿರುಗಿ, ಉಗುರಿನಿಂದ ತುಕ್ಕು ಕೆರೆದು, ಕೆಳಗೆ ಬಗ್ಗಿ ಕೂಗಿದಳು.

"ಇನ್ನೊಂದು ಮಳಿಗಾಲ ತಡೀತದ ಯಕ್ಕಾ. ಆಮ್ಯಾಲ ಸಿಮೆಂಟಿನ ಕೊಳವಿ ತರೂಣು."

ಸಿಮೆಂಟಿನ ಕೊಳವೆ! ಬೂದು ಬಣ್ಣದ್ದು, ತುಕ್ಕು ಹಿಡಿಯದ್ದು. ಇನ್ನೂ ಅಂಗಡಿಯಲ್ಲೇ ಇರುವ ಅದರ ಮೇಲೆ ನನಗೆ ಈಗಾಗಲೇ ಉರಿ ಹತ್ತಿದೆ. ಬರಲಿ, ಅವಳ ಎದೆಗೆ ಹೊಗೆ ಹೋಗದಿದ್ದರೆ ಸಾಕು ಎಂದು ಹೇಳಬೇಕು, ಗೊತ್ತು. ಒಂದು ಮಳೆಗಾಲ ಸಮಯವಿದೆಯಲ್ಲ. ಹೇಳಲು ಕಲಿಯುತ್ತಿದ್ದೇನೆ.